ಪಂಚ್ ಇಮ್ಲಾಕ್: ಕಿರಿಯ ಲೀಗುಗಳ ಗರಡಿಯಿಂದ ಸ್ಟ್ಯಾನ್ಲಿ ಕಪ್ಪಿನವರೆಗೆ

ಹಾಕಿ ಎಂದೊಡನೆ ಕನ್ನಡಿಗರ ಮನಸ್ಸು ಕೊಡಗಿನ ಮೈದಾನಗಳ ಕಡೆಗೆ ಹರಿಯುವುದು ಸಹಜ. ಆದರೆ ಕೆನಡಾ ದೇಶದಲ್ಲಿ ಆ ಹೆಸರಿನಿಂದ ವ್ಯವಹರಿಸಲ್ಪಡುವ ಕ್ರೀಡೆಯು ಹುಲ್ಲಿನ ಮೇಲೆ ನಡೆಯುವಂಥದಲ್ಲ. ಹೊಳೆಕೆರೆಗಳೆಲ್ಲ ತಿಂಗಳುಗಟ್ಟಲೆ ಹೆಪ್ಪುಗಟ್ಟಿ ನಿಲ್ಲುವ ಆ ಶೀತಪ್ರದೇಶದಲ್ಲಿ, ಉಕ್ಕಿನ ಅಲಗುಳ್ಳ ಪಾದರಕ್ಷೆಗಳನ್ನು ತೊಟ್ಟು, ಮಂಜುಗಡ್ಡೆಯ ಮೇಲೆ ಅತಿವೇಗದಿಂದ ಜಾರುತ್ತ ಆಡುವ ಆಟವದು. ಸುಮಾರು 200 ಅಡಿ ಉದ್ದ, 85 ಅಡಿ ಅಗಲವುಳ್ಳ, ಸುತ್ತಲೂ ಹಲಗೆಯ ಗೋಡೆಯಿಂದ ಆವೃತವಾದ ಅಂಗಣ; ಗೋಲ್‌ರಕ್ಷಕನನ್ನೂ ಸೇರಿಸಿ ಪಕ್ಷಕ್ಕೆ ಆರು ಮಂದಿ; ಚೆಂಡಿಗೆ ಬದಲಾಗಿ ಮೂರು ಅಂಗುಲ ವ್ಯಾಸದ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ, ಅದರ ಹೆಸರು ಪಕ್; ಇಪ್ಪತ್ತಿಪ್ಪತ್ತು ನಿಮಿಷಗಳ ಮೂರು ಅವಧಿಗಳು. ಇಷ್ಟನ್ನು ತಿಳಿದರೆ ಆಟದ ಹೊರರೂಪವನ್ನು ತಿಳಿದಂತಾಯಿತು.

ಒಳರೂಪದ ಒಂದು ಸಂಗತಿಯನ್ನು ಮಾತ್ರ ಇಲ್ಲಿ ವಿಶೇಷವಾಗಿ ಹೇಳಬೇಕು. ಮಂಜುಗಡ್ಡೆಯ ಮೇಲಿನ ಓಟವು ದೇಹವನ್ನು ಎಷ್ಟು ಬೇಗ ದಣಿಸುವುದೆಂದರೆ, ಯಾವ ಆಟಗಾರನೂ ಒಂದೇ ಸಮನೆ ಬಹಳ ಹೊತ್ತು ಅಲ್ಲಿ ನಿಲ್ಲಲಾರನು. ಆದುದರಿಂದ ಒಂದು ನಿಮಿಷವೋ ಅದಕ್ಕೆ ತುಸು ಹೆಚ್ಚು ಕಡಮೆಯೋ ಆಡಿ, ಆಟ ನಡೆಯುತ್ತಿರುವಂತೆಯೇ ಹಲಗೆಯ ಗೋಡೆಯನ್ನು ದಾಟಿ ಬೆಂಚಿಗೆ ಬರುತ್ತಾನೆ, ಅವನ ಸ್ಥಾನಕ್ಕೆ ಇನ್ನೊಬ್ಬನು ಹಾರುತ್ತಾನೆ. ಯಾರು ಯಾವಾಗ ಒಳಗೆ ಹೋಗಬೇಕು, ಎದುರಾಳಿಯ ಯಾವ ಶೂರನಿಗೆ ನಮ್ಮ ಯಾವ ಶೂರನು ಇದಿರಾಗಬೇಕು ಎಂಬ ನಿರ್ಣಯವು ಪಂದ್ಯದುದ್ದಕ್ಕೂ ನಿಮಿಷನಿಮಿಷಕ್ಕೂ ಬೆಂಚಿನ ಹಿಂದೆ ನಿಂತ ತರಬೇತುದಾರನ ಕೈಯಲ್ಲಿರುತ್ತದೆ. ಪಂದ್ಯಕ್ಕೆ ಮೊದಲು ಉಪದೇಶವಿತ್ತು ಅನಂತರ ಪ್ರೇಕ್ಷಕನಾಗಿ ಕುಳಿತುಕೊಳ್ಳುವ ಶಿಕ್ಷಕನ ಪದವಿಯಲ್ಲ ಅದು. ಅವನಿಗಿಂತ ಮೇಲಿನವನು ಜನರಲ್ ಮ್ಯಾನೇಜರನು: ಆಟಗಾರರನ್ನು ಕೊಳ್ಳುವುದು, ಮಾರುವುದು, ವಿನಿಮಯ ಮಾಡಿಕೊಳ್ಳುವುದು, ಸಂಬಳದ ಕರಾರನ್ನು ನಿಗದಿಪಡಿಸುವುದು ಇವೆಲ್ಲ ಅವನ ಕೆಲಸ. ಈ ಎರಡು ಪದವಿಗಳನ್ನೂ ಒಂದೇ ಕೈಯಲ್ಲಿ ಹಿಡಿದು, ಒಂದು ದಶಕಕ್ಕೂ ಮಿಕ್ಕ ಕಾಲ ಕೆನಡಾದ ಅತ್ಯಂತ ಪ್ರಖ್ಯಾತ ತಂಡಗಳಲ್ಲೊಂದನ್ನು ಆಳಿದವನು ಜಾರ್ಜ್ ಇಮ್ಲಾಕ್. ಲೋಕಕ್ಕೆ ಆತನು ಪರಿಚಿತನಾದದ್ದು ಪಂಚ್ ಇಮ್ಲಾಕ್ ಎಂದು. ಮಹಾಲೀಗೆನಿಸಿದ ನ್ಯಾಷನಲ್ ಹಾಕಿ ಲೀಗಿನಲ್ಲಿ ಆಟಗಾರನಾಗಿ ಆತನು ಒಂದೇ ಒಂದು ಪಂದ್ಯವನ್ನೂ ಆಡಿದವನಲ್ಲ.

ಇದರಲ್ಲಿ ಅಚ್ಚರಿಪಡಬೇಕಾದ್ದೇನೂ ಇಲ್ಲವೆಂಬುದು ಆ ಕಾಲದ ವ್ಯವಸ್ಥೆಯನ್ನು ನೋಡಿದರೆ ತಿಳಿಯುತ್ತದೆ. 1942ರಿಂದ 1967ರವರೆಗೆ ನ್ಯಾಷನಲ್ ಹಾಕಿ ಲೀಗಿನಲ್ಲಿ ಇದ್ದ ತಂಡಗಳು ಆರೇ: ಮಾಂಟ್ರಿಯಲ್, ಟೊರಾಂಟೊ, ಬಾಸ್ಟನ್, ನ್ಯೂಯಾರ್ಕ್, ಡೆಟ್ರಾಯಿಟ್, ಷಿಕಾಗೊ. ತಂಡಕ್ಕೆ ಇಪ್ಪತ್ತು ಮಂದಿಯಂತೆ ಹಿಡಿದರೂ ಇಡೀ ಉತ್ತರ ಅಮೆರಿಕಾ ಖಂಡದಲ್ಲಿ ಆ ಎತ್ತರದ ಸ್ಥಾನಗಳು ನೂರಿಪ್ಪತ್ತಕ್ಕೆ ಮೀರುತ್ತಿರಲಿಲ್ಲ. ಗೋಲ್‌ರಕ್ಷಕರ ಪಾಡಂತೂ ಹೇಳತೀರದು. ತಂಡಕ್ಕೊಬ್ಬನಂತೆ ಆರು ಮಂದಿ ಆಡಿದರೆ ಏಳನೆಯವನು ಎಷ್ಟೇ ಸಮರ್ಥನಾಗಿದ್ದರೂ ಕಾದಿರಬೇಕಾಗಿತ್ತು. ಹೀಗೆ ಹೊರಗುಳಿದವರಿಗೆಲ್ಲ ಆಶ್ರಯವಾಗಿದ್ದವು ಕಿರಿಯ ಲೀಗುಗಳು. 1936ರಲ್ಲಿ ಹುಟ್ಟಿದ ಅಮೆರಿಕನ್ ಹಾಕಿ ಲೀಗ್ ಅವುಗಳಲ್ಲಿ ಮುಖ್ಯವಾದದ್ದು. ಹರ್ಷಿ, ಸ್ಪ್ರಿಂಗ್‌ಫೀಲ್ಡ್, ಕ್ಲೀವ್‌ಲ್ಯಾಂಡ್, ಪ್ರಾವಿಡೆನ್ಸ್ ಮೊದಲಾದ ಊರುಗಳು ಅದರ ನೆಲೆಗಳು. ಕೆನಡಾದ ಒಳನಾಡಿನಲ್ಲಿ ಕಾರ್ಖಾನೆಗಳೂ ಗಣಿಗಳೂ ಪೋಷಿಸುತ್ತಿದ್ದ ಸೀನಿಯರ್ ಲೀಗುಗಳು ಬೇರೆ ಇದ್ದುವು. ರಾತ್ರಿಯೆಲ್ಲ ಹಿಮದಲ್ಲಿ ಸಾಗುವ ಬಸ್ಸು, ಅಲ್ಪ ಸಂಬಳ, ಬೇಸಗೆ ಬಂತೆಂದರೆ ಹೊಟ್ಟೆಪಾಡಿಗೆ ಮತ್ತೊಂದು ಕೆಲಸ ಇವು ಆ ಬದುಕಿನ ಸಾಮಾನ್ಯ ಲಕ್ಷಣಗಳು. ಅಲ್ಲಿ ಆಡಿದವರು ಅಸಮರ್ಥರಾಗಿದ್ದರೆಂದು ತಿಳಿಯುವುದು ಅನ್ಯಾಯ. ಅವರಲ್ಲಿ ಹಲವರಿಗೆ ಕೊರತೆಯಾಗಿದ್ದದ್ದು ಬಾಗಿಲ ಅಗಲವೇ ಹೊರತು ಯೋಗ್ಯತೆಯಲ್ಲ.

ಇಮ್ಲಾಕನು ಹುಟ್ಟಿದ್ದು 1918ನೆಯ ಇಸವಿಯ ಮಾರ್ಚ್ 15ರಂದು, ಟೊರಾಂಟೊ ನಗರದಲ್ಲಿ. ತರುಣನಾಗಿದ್ದಾಗ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ಹಗಲು ದುಡಿದು, ಸಂಜೆ ಹಾಕಿಯಾಡುತ್ತಿದ್ದ ನೂರಾರು ಯುವಕರಲ್ಲಿ ಆತನೂ ಒಬ್ಬ. ಗುಡ್‌ಇಯರ್ಸ್ ಎಂಬ ಸೀನಿಯರ್ ತಂಡದಲ್ಲಿದ್ದಾಗ ಒಂದು ಪಂದ್ಯದಲ್ಲಿ ತಲೆಗೆ ಪೆಟ್ಟುಬಿದ್ದು ಎಚ್ಚರತಪ್ಪಿದ ಆತನು, ಪ್ರಜ್ಞೆ ಮರಳುವ ಹೊತ್ತಿನಲ್ಲಿ ಹತ್ತಿರ ಬಂದವರತ್ತ ಕುರುಡುಗುದ್ದುಗಳನ್ನು ಬೀಸಿದನಂತೆ. ಅದನ್ನು ಕಂಡ ಪತ್ರಿಕೆಯವರು ಇಟ್ಟ ಹೆಸರೇ ಪಂಚ್. ಯುದ್ಧಕಾಲದಲ್ಲಿ ಸೈನ್ಯದ ತಂಡದ ಪರವಾಗಿ ಆಡಿ, 1945ರಲ್ಲಿ ಕ್ವಿಬೆಕ್ ನಗರದ ಏಸಸ್ ತಂಡವನ್ನು ಸೇರಿದಾಗ ಆತನಿಗೆ ಇಪ್ಪತ್ತೇಳು ವರ್ಷ. ಮಹಾಲೀಗಿನ ಕನಸು ಕಾಣುವ ವಯಸ್ಸು ಹಾಕಿಯಲ್ಲಿ ಅಷ್ಟು ಹೊತ್ತಿಗೆ ಕಳೆದುಹೋಗಿರುತ್ತದೆ.

ಏಸಸ್ ತಂಡವು ಆ ಊರಿನ ದೊಡ್ಡ ಕಾಗದದ ಕಾರ್ಖಾನೆಯ ಆಶ್ರಯದಲ್ಲಿ ಬೆಳೆದದ್ದು. ಇಮ್ಲಾಕನಿಗೆ ಅದೇ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ನೌಕರಿ. ಕೆಲವು ಋತುಗಳಲ್ಲಿ ಆತನು ಆಟಗಾರನಿದ್ದಂತೆಯೇ ತರಬೇತುದಾರನೂ ಆದನು. ಸ್ಕೇಟುಗಳನ್ನು ಕಳಚಿಟ್ಟ ಮೇಲೆ ತರಬೇತುದಾರನೂ ಮ್ಯಾನೇಜರನೂ ಆದನು. ಕೊನೆಗೆ ತಂಡದ ಒಡೆತನದಲ್ಲಿ ಒಂದು ಪಾಲನ್ನೂ ಪಡೆದನು. ಕಿರಿಯ ಲೀಗಿನ ಮ್ಯಾನೇಜರನೆಂದರೆ ಮೇಜಿನ ಹಿಂದೆ ಕುಳಿತು ಅಪ್ಪಣೆ ಕೊಡುವ ಅಧಿಕಾರಿಯಲ್ಲ. ಟಿಕೆಟು ಎಷ್ಟು ಮಾರಿತು, ಬಸ್ಸಿನ ಬಾಡಿಗೆಗೆ ಎಲ್ಲಿಂದ ಹಣ, ಮುರಿದ ಕೋಲುಗಳಿಗೆ ಬದಲು ತರಿಸುವುದೆಂತು, ಗಾಯಗೊಂಡವನ ಸ್ಥಾನಕ್ಕೆ ನಾಳೆ ಸಂಜೆಯೊಳಗೆ ಯಾವ ಊರಿನಿಂದ ಯಾರನ್ನು ಕರೆತರುವುದು, ಹಣದ ಆಸೆ ತೋರಿಸಲಾಗದ ಕಡೆ ಯಾವ ಮಾತಿನಿಂದ ಒಲಿಸುವುದು ಎಂಬ ಚಿಂತೆಗಳೆಲ್ಲ ಅವನವೇ. ಹನ್ನೆರಡು ವರ್ಷ ಕಾಲ ಇಂಥ ಚಿಂತೆಗಳ ನಡುವೆ ಬದುಕಿದವನಿಗೆ ಎರಡು ಗುಣಗಳು ಅಂಟಿಕೊಂಡುವು: ಇತರರು ತ್ಯಜಿಸಿದ ವಸ್ತುವಿನಲ್ಲಿ ಇನ್ನೂ ಎಷ್ಟು ಸತ್ತ್ವ ಉಳಿದಿದೆಯೆಂದು ಗುರುತಿಸುವ ಕಣ್ಣು, ಕೊಟ್ಟ ಸಂಬಳಕ್ಕೆ ಪೂರ್ತಿ ದುಡಿಮೆಯನ್ನು ಕೇಳಿಯೇ ಕೇಳುವ ನಿಷ್ಠುರತೆ. ಆತನ ಮುಂದಿನ ಏಳಿಗೆಗೂ ಮುಂದಿನ ಪತನಕ್ಕೂ ಕಾರಣಗಳನ್ನು ನಾನು ಈ ಎರಡರಲ್ಲಿಯೇ ಕಾಣುತ್ತೇನೆ.

ಕ್ವಿಬೆಕ್ಕಿನಲ್ಲಿ ಆತನ ಕೈಕೆಳಗೆ ಆಡಿದವರಲ್ಲಿ ಅಗ್ರಗಣ್ಯನು ಜ್ಯಾಂ ಬೆಲಿವೊ. ನೀಳವಾದ ಮೈಕಟ್ಟು, ರಾಜಗಾಂಭೀರ್ಯದ ನಡೆ, ನೋಡಿದವರು ಮರೆಯಲಾರದಂಥ ಆಟ. 1951ರಿಂದ ಎರಡು ಋತುಗಳ ಕಾಲ ಈ ತರುಣನು ಏಸಸ್ ತಂಡದಲ್ಲಿಯೇ ಉಳಿದನು. ವೃತ್ತಿಪರನಾಗುವುದಾದರೆ ಮಾಂಟ್ರಿಯಲ್ ತಂಡಕ್ಕೇ ಆಡಬೇಕೆಂಬ ಕರಾರಿಗೆ ಆತನು ಸಹಿಹಾಕಿದ್ದನಾದರೂ, ಕ್ವಿಬೆಕ್ಕಿನ ಲೀಗು ಹೆಸರಿಗೆ ಹವ್ಯಾಸಿ ಲೀಗಾಗಿದ್ದುದರಿಂದ ಅಲ್ಲಿ ಆಡುವವರೆಗೆ ಆ ಕರಾರು ಜಾರಿಗೆ ಬರುವಂತಿರಲಿಲ್ಲ. ಊರಿನ ಅಭಿಮಾನವೂ ಕೈತುಂಬ ಸಂಬಳವೂ ಆತನನ್ನು ಅಲ್ಲಿಯೇ ಹಿಡಿದಿಟ್ಟಿದ್ದುವು. ಬೇರೆ ದಾರಿ ಕಾಣದ ಮಾಂಟ್ರಿಯಲ್ ತಂಡದವರು ಕೊನೆಗೆ ಇಡೀ ಲೀಗನ್ನೇ ಕೊಂಡು, ಅದನ್ನು ವೃತ್ತಿಪರ ಲೀಗೆಂದು ಸಾರಿಸಿದರು. 1953ರಲ್ಲಿ ಬೆಲಿವೊ ಮಾಂಟ್ರಿಯಲ್ಲಿಗೆ ಹೋದನು. ಒಬ್ಬ ಆಟಗಾರನಿಗಾಗಿ ಒಂದು ಲೀಗೇ ವಿಕ್ರಯವಾದ ಈ ಪ್ರಸಂಗದಲ್ಲಿ ಕಿರಿಯ ಲೀಗುಗಳ ಸ್ಥಿತಿಯೆಲ್ಲ ಅಡಗಿದೆ. ಅಲ್ಲಿ ಬೆಳೆದ ಫಲ ಅಲ್ಲಿಯವರದಲ್ಲ.

ಆ ಕಾಲದ ಕ್ವಿಬೆಕ್ಕಿನ ಕಥೆಯಲ್ಲಿ ಇನ್ನಿಬ್ಬರ ಹೆಸರನ್ನು ಹೇಳದೆ ಮುಂದುವರಿಯಲು ಮನಸ್ಸೊಪ್ಪುವುದಿಲ್ಲ. ಹರ್ಬ್ ಕಾರ್ನೆಗಿ ಎಂಬ ಕಪ್ಪುವರ್ಣದ ಆಟಗಾರನು 1949ರಿಂದ ಬೆಲಿವೊನ ಜೊತೆಗಾರನಾಗುವವರೆಗೂ, ಅನಂತರವೂ ಏಸಸ್ ಪರವಾಗಿ ಅತ್ಯುತ್ತಮವಾಗಿ ಆಡಿದನು. ಮಹಾಲೀಗಿನ ಬಾಗಿಲು ಮಾತ್ರ ಆತನಿಗೆ ತೆರೆಯಲಿಲ್ಲ, ತೆರೆಯದಿದ್ದುದಕ್ಕೆ ಮೈಬಣ್ಣದ ಹೊರತು ನಂಬಬಹುದಾದ ಬೇರೆ ಕಾರಣವೂ ಕಾಣುವುದಿಲ್ಲ. 2022ರಲ್ಲಿ, ಆತನು ತೀರಿಹೋದ ಮೇಲೆ, ಹಾಕಿಯ ಕೀರ್ತಿಮಂದಿರವು ಆತನ ಹೆಸರನ್ನು ಬರೆದುಕೊಂಡಿತು. ಎರಡನೆಯವನು ವಿಲಿ ಓರೀ. 1956ರಲ್ಲಿ ಈತನನ್ನು ಏಸಸ್ ತಂಡಕ್ಕೆ ಸೇರಿಸಿಕೊಂಡವನು ಇಮ್ಲಾಕನೇ. ಅದಕ್ಕೆ ಕೆಲವು ತಿಂಗಳ ಹಿಂದೆ ಪಕ್ಕು ಬಡಿದು ಓರೀಯ ಬಲಗಣ್ಣಿನ ದೃಷ್ಟಿ ಹೋಗಿತ್ತು. ತಿಳಿದರೆ ಯಾರೂ ಆಡಗೊಡರೆಂಬ ಭಯದಿಂದ ಆತನು ಅದನ್ನು ಮುಚ್ಚಿಟ್ಟಿದ್ದನು. ಒಂದೇ ಕಣ್ಣಿನ ಆ ಯುವಕನು 1958ರ ಜನವರಿ 18ರಂದು ಬಾಸ್ಟನ್ ಪರವಾಗಿ ಆಡಿ ನ್ಯಾಷನಲ್ ಹಾಕಿ ಲೀಗಿನ ಮೊದಲ ಕಪ್ಪುವರ್ಣದ ಆಟಗಾರನೆನಿಸಿದನು.

1957ರಲ್ಲಿ ಇಮ್ಲಾಕನು ಕ್ವಿಬೆಕ್ ಬಿಟ್ಟು ಅಮೆರಿಕಾದ ಸ್ಪ್ರಿಂಗ್‌ಫೀಲ್ಡಿಗೆ ಹೋದನು. ಆ ತಂಡದ ಒಡೆಯನು ಎಡ್ಡಿ ಶೋರ್. ತನ್ನ ಕಾಲದಲ್ಲಿ ಬಾಸ್ಟನ್ನಿನ ಅಪ್ರತಿಮ ರಕ್ಷಣಾ ಆಟಗಾರನಾಗಿದ್ದು, ಒಡೆಯನಾದ ಮೇಲೆ ಜಿಪುಣತನಕ್ಕೂ ಆಟಗಾರರನ್ನು ನಡಸಿಕೊಳ್ಳುವ ವಿಚಿತ್ರ ಕ್ರಮಕ್ಕೂ ಹೆಸರಾದವನು. ಅಂಥವನ ಕೆಳಗೆ ಇಮ್ಲಾಕನು ಇದ್ದದ್ದು ಒಂದೇ ಋತು. ಆ ಒಂದು ಋತುವಿನಲ್ಲಿ ತಂಡವು ಲೀಗಿನ ಕಾಲ್ಡರ್ ಕಪ್ಪಿನ ಅಂತಿಮ ಸರಣಿಯವರೆಗೆ ಬಂದು ಹರ್ಷಿಯೆದುರು ಸೋತಿತು.

ಅದೇ ಹೊತ್ತಿನಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ತಂಡವು ಅಧೋಗತಿಗಿಳಿದು ಆರು ತಂಡಗಳಲ್ಲಿ ಆರನೆಯದಾಗಿ ನಿಂತಿತ್ತು. 1958ರ ಬೇಸಗೆಯಲ್ಲಿ ಸಹಾಯಕ ವ್ಯವಸ್ಥಾಪಕನಾಗಿ ಬಂದ ಇಮ್ಲಾಕನು ನವೆಂಬರಿನೊಳಗೆ ಜನರಲ್ ಮ್ಯಾನೇಜರನಾದನು. ಆದ ಕೆಲವೇ ದಿನಗಳಲ್ಲಿ ತರಬೇತುದಾರನಾದ ಬಿಲಿ ರೇಯನ್ನು ತೆಗೆದು ಆ ಸ್ಥಾನವನ್ನೂ ತಾನೇ ವಹಿಸಿಕೊಂಡನು. ತಂಡ ಆಗಲೂ ಕಟ್ಟಕಡೆಯಲ್ಲಿತ್ತು. ಮೊದಲ ನಾಲ್ಕು ತಂಡಗಳಿಗೆ ಮಾತ್ರ ಮುಂದಿನ ಸ್ಪರ್ಧೆಗೆ ಪ್ರವೇಶವಿದ್ದ ಆ ವ್ಯವಸ್ಥೆಯಲ್ಲಿ ನಾವು ನಾಲ್ಕನೆಯವರಾಗಿಯೇ ತೀರುತ್ತೇವೆಂದು ಆತನು ಪತ್ರಿಕೆಗಳವರೆದುರು ದಿನದಿನವೂ ಸಾರುತ್ತಿದ್ದುದನ್ನು ಕೇಳಿ ಊರೆಲ್ಲ ನಕ್ಕಿತು. ಐದೇ ಪಂದ್ಯಗಳು ಉಳಿದಿದ್ದಾಗ ಟೊರಾಂಟೊ ತಂಡವು ನ್ಯೂಯಾರ್ಕಿಗಿಂತ ಏಳು ಅಂಕ ಹಿಂದಿತ್ತು. ಒಂದು ಗೆಲುವಿಗೆ ಎರಡು ಅಂಕ ಮಾತ್ರ. ಆ ಐದನ್ನೂ ಟೊರಾಂಟೊ ಗೆದ್ದಿತು. 1959ರ ಮಾರ್ಚ್ 22ರ ರಾತ್ರಿ, ಋತುವಿನ ಕೊನೆಯ ಪಂದ್ಯಗಳಲ್ಲಿ, ನ್ಯೂಯಾರ್ಕ್ ತಂಡವು ಮಾಂಟ್ರಿಯಲ್ಲಿಗೆ ಸೋತಿತು. ಟೊರಾಂಟೊ ಡೆಟ್ರಾಯಿಟನ್ನು 6-4ರಿಂದ ಸೋಲಿಸಿ ಒಂದೇ ಅಂಕದಿಂದ ನಾಲ್ಕನೆಯದಾಯಿತು. ಅಲ್ಲಿಗೂ ನಿಲ್ಲದೆ ಬಾಸ್ಟನ್ನನ್ನು ಮಣಿಸಿ, ಲೀಗಿನ ಪರಮ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ಪಿನ ಅಂತಿಮ ಸರಣಿಯಲ್ಲಿ ಮಾಂಟ್ರಿಯಲ್ಲಿನೆದುರು ಆಡಿತು. ಸೋತದ್ದು ನಿಜ; ಆದರೆ ನಕ್ಕಿದ್ದ ಊರು ಆಗ ನಗುತ್ತಿರಲಿಲ್ಲ.

ಇಮ್ಲಾಕನ ತಂಡ ಕಟ್ಟುವ ಕ್ರಮದಲ್ಲಿ ನನಗೆ ಅತ್ಯಂತ ಆದರಣೀಯವಾಗಿ ತೋರುವುದು ಹಿರಿಯರಲ್ಲಿ ಆತನಿಟ್ಟಿದ್ದ ನಂಬಿಕೆ. ಗೋಲ್‌ರಕ್ಷಕ ಜಾನಿ ಬೋವರನನ್ನು ನೋಡಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕ್ಲೀವ್‌ಲ್ಯಾಂಡ್, ಪ್ರಾವಿಡೆನ್ಸ್ ಮೊದಲಾದ ಕಿರಿಯ ತಂಡಗಳಲ್ಲಿಯೇ ಬಹುಪಾಲು ಕಳೆದು, ನಡುವೆ ನ್ಯೂಯಾರ್ಕಿನಲ್ಲಿ ಒಂದು ಪೂರ್ಣ ಋತುವನ್ನು ಆಡಿದರೂ ಮತ್ತೆ ಕೆಳಕ್ಕೆ ಕಳುಹಿಸಲ್ಪಟ್ಟ ಆತನನ್ನು, ಇಮ್ಲಾಕನು ಬರುವುದಕ್ಕೆ ಸ್ವಲ್ಪ ಮೊದಲು ಟೊರಾಂಟೊ ತಂಡವು ಕರೆತಂದಿತ್ತು. ಮೂವತ್ತನಾಲ್ಕನೆಯ ವಯಸ್ಸಿಗೆ ಕಾಲಿಡುತ್ತಿದ್ದ ಆ ರಕ್ಷಕನನ್ನು ತಂಡದ ಆಧಾರಸ್ತಂಭವನ್ನಾಗಿ ಮಾಡಿಕೊಂಡದ್ದು ಇಮ್ಲಾಕನ ಗುಣಗ್ರಹಣಶಕ್ತಿ. ಅಲನ್ ಸ್ಟ್ಯಾನ್ಲಿ ಎಂಬ ರಕ್ಷಣಾ ಆಟಗಾರನು ನಿಧಾನಗಾಮಿಯೆಂದು ನ್ಯೂಯಾರ್ಕಿನ ಪ್ರೇಕ್ಷಕರಿಂದ ಅವಹೇಳನಕ್ಕೆ ಗುರಿಯಾಗಿ, ಅಲ್ಲಿಂದ ಷಿಕಾಗೊ, ಬಾಸ್ಟನ್ ಎಂದು ಅಲೆದವನು. ಟೊರಾಂಟೊದಲ್ಲಿ ಆತನು ಹತ್ತು ವರ್ಷ ನಿಂತನು. ರೆಡ್ ಕೆಲಿಯ ಪ್ರಸಂಗವಂತೂ ಇನ್ನೂ ಸ್ವಾರಸ್ಯವಾದದ್ದು. ಡೆಟ್ರಾಯಿಟಿಗಾಗಿ ನಾಲ್ಕು ಸ್ಟ್ಯಾನ್ಲಿ ಕಪ್ಪುಗಳನ್ನು ಗೆದ್ದಿದ್ದ ಆ ಶ್ರೇಷ್ಠ ರಕ್ಷಣಾ ಆಟಗಾರನನ್ನು 1960ರಲ್ಲಿ ಆ ತಂಡವು ನ್ಯೂಯಾರ್ಕಿಗೆ ಸಾಗಹಾಕಲು ಹೊರಟಾಗ ಆತನು ಒಪ್ಪದೆ ನಿವೃತ್ತಿಯನ್ನೇ ಘೋಷಿಸಿಬಿಟ್ಟನು. ಇಮ್ಲಾಕನು ಆತನ ಮನವೊಲಿಸಿ ಟೊರಾಂಟೊಗೆ ಕರೆತಂದು, ಜೀವಮಾನವೆಲ್ಲ ರಕ್ಷಣೆಯಲ್ಲಿ ಆಡಿದವನನ್ನು ಮುಂಪಂಕ್ತಿಯ ಮಧ್ಯಸ್ಥಾನಕ್ಕೆ ನಿಲ್ಲಿಸಿದನು. ಬೆಲಿವೊನಂಥವನ ವೇಗವನ್ನು ತಡೆಯಲು ರಕ್ಷಣೆಯನ್ನು ಬಲ್ಲ ಮಧ್ಯಸ್ಥನೇ ಬೇಕೆಂಬುದು ಆತನ ತರ್ಕ. ಕೆಲಿ ಇಲ್ಲಿಯೂ ನಾಲ್ಕು ಕಪ್ಪುಗಳನ್ನು ಗೆದ್ದನು. ನಡುವೆ ಮೂರು ವರ್ಷ ಕೆನಡಾದ ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದು, ಎರಡು ಕರ್ತವ್ಯಗಳನ್ನೂ ನಿರ್ವಹಿಸಿದನು.

1962, 1963, 1964: ಮೂರು ವರ್ಷ ಎಡೆಬಿಡದೆ ಸ್ಟ್ಯಾನ್ಲಿ ಕಪ್ಪು ಟೊರಾಂಟೊಗೆ ಬಂದಿತು. ಮೂರನೆಯದರ ಅಂತಿಮ ಸರಣಿಯ ಆರನೆಯ ಪಂದ್ಯದಲ್ಲಿ ಬಾಬ್ ಬಾನ್ ಎಂಬ ಆಟಗಾರನ ಕಣಕಾಲಿಗೆ ಪಕ್ಕು ಬಡಿದು ಆತನನ್ನು ಸ್ಟ್ರೆಚರಿನಲ್ಲಿ ಹೊತ್ತೊಯ್ದರು. ನೋವಡಗಿಸುವ ಚುಚ್ಚುಮದ್ದು ಹಾಕಿಸಿಕೊಂಡು ಮರಳಿದ ಆತನು ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲನ್ನು ಹೊಡೆದು, ಏಳನೆಯ ಪಂದ್ಯವನ್ನೂ ಆಡಿ ಮುಗಿಸಿದ ಮೇಲೆಯೇ ಎಲುಬು ಮುರಿದಿದ್ದುದು ಎಕ್ಸ್-ರೇಯಲ್ಲಿ ತಿಳಿಯಿತು.

ಆದರೆ ಇಮ್ಲಾಕನ ಶಿಸ್ತು ಎಲ್ಲರಿಗೂ ಒಂದೇ ಫಲವನ್ನು ಕೊಡಲಿಲ್ಲ. ಗೆದ್ದ ಮರುದಿನವೂ ಸೋತ ಮರುದಿನದಷ್ಟೇ ದೀರ್ಘವಾದ ಅಭ್ಯಾಸ, ಎಲ್ಲರೆದುರು ಗದರಿಕೆ, ಸಂಬಳದ ಮಾತು ಬಂದಾಗ ಕಲ್ಲಿನಂಥ ಮನಸ್ಸು. ಕಷ್ಟದಿಂದ ಮೇಲೆ ಬಂದ ಹಿರಿಯರು ಇದನ್ನು ಸಹಿಸಿದರು. ಅವರಲ್ಲಿ ಹಲವರಿಗೆ ಇದು ಪರಿಚಿತವಾದ ಬದುಕೇ ಆಗಿತ್ತು. ಫ್ರಾಂಕ್ ಮಹೋವ್ಲಿಚ್ ಸಹಿಸಲಾರದಾದನು. 1960-61ರ ಋತುವಿನಲ್ಲಿ 48 ಗೋಲು ಹೊಡೆದ, ಷಿಕಾಗೊ ತಂಡದ ಒಡೆಯನು 1962ರಲ್ಲಿ ಹತ್ತು ಲಕ್ಷ ಡಾಲರು ಕೊಟ್ಟು ಕೊಳ್ಳಲು ಮುಂದಾದ ಆ ಆಟಗಾರನು ಸಹಜವಾಗಿಯೇ ಸುಕುಮಾರ ಪ್ರಕೃತಿಯವನು. ಅನಾಯಾಸವಾಗಿ ತೇಲಿದಂತೆ ಕಾಣುವ ಆತನ ಚಲನೆಯನ್ನು ಇಮ್ಲಾಕನು ಆಲಸ್ಯವೆಂದೇ ಭಾವಿಸಿದನು. ಆತನ ಹೆಸರನ್ನು ಸಹ ವರ್ಷಗಟ್ಟಲೆ ಸರಿಯಾಗಿ ಉಚ್ಚರಿಸಲಿಲ್ಲ. 1964ರಲ್ಲಿಯೂ 1967ರಲ್ಲಿಯೂ ಮಹೋವ್ಲಿಚ್ ಮನೋವ್ಯಥೆಯಿಂದ ಆಸ್ಪತ್ರೆ ಸೇರಬೇಕಾಯಿತು. ಕಾರ್ಲ್ ಬ್ರೂವರ್ ಎಂಬ ಬುದ್ಧಿವಂತ ರಕ್ಷಣಾ ಆಟಗಾರನು 1965ರಲ್ಲಿ ಇಮ್ಲಾಕನೊಡನೆ ಕಲಹವಾಗಿ ತಂಡವನ್ನೇ ಬಿಟ್ಟುಹೋದನು. ಪ್ರತಿಭೆಯಿಲ್ಲದೆ ಬರಿಯ ಶ್ರಮದಿಂದ ಬದುಕಿ ಬಂದವನಿಗೆ, ಪ್ರತಿಭೆಯೂ ಒಂದು ಭಾರವಾಗಿ ಮನುಷ್ಯನನ್ನು ಕುಗ್ಗಿಸಬಲ್ಲದೆಂಬುದು ಅರ್ಥವಾಗಲಿಲ್ಲ. ಇದನ್ನು ನಾನು ಆತನ ದೊಡ್ಡ ದೋಷವೆಂದು ಎಣಿಸುತ್ತೇನೆ. ಕಪ್ಪುಗಳ ಲೆಕ್ಕದಿಂದ ಇದನ್ನು ಅಳಿಸಲಾಗದು.

1967ರ ಗೆಲುವು ಆತನ ಜೀವನದ ಶಿಖರ. ಆ ವರ್ಷದ ಆರಂಭದಲ್ಲಿ ತಂಡವು ಸಾಲಾಗಿ ಹತ್ತು ಪಂದ್ಯಗಳನ್ನು ಸೋತಿತು. ಫೆಬ್ರವರಿಯಲ್ಲಿ ಅತಿಶ್ರಮದಿಂದ ಬಳಲಿದ ಇಮ್ಲಾಕನು ಆಸ್ಪತ್ರೆಗೆ ಸೇರಿದನು. ಬದಲಿಯಾಗಿ ನಿಂತ ಕಿಂಗ್ ಕ್ಲಾನ್ಸಿ ಹಸನ್ಮುಖಿ, ಮೃದುಭಾಷಿ. ಆತನ ಹತ್ತು ಪಂದ್ಯಗಳಲ್ಲಿ ತಂಡವು ಏಳನ್ನು ಗೆದ್ದು ಒಂದನ್ನು ಮಾತ್ರ ಸೋತಿತು. ಚಾವಟಿಗೆ ಬಿಡುವು ಸಿಕ್ಕಾಗ ತಂಡ ಚೇತರಿಸಿಕೊಂಡಿತೆಂದು ಹೇಳುವವರ ಮಾತನ್ನು ತಳ್ಳಿಹಾಕಲಾರೆವು. ಮೂರನೆಯ ಸ್ಥಾನದಲ್ಲಿ ಋತುವನ್ನು ಮುಗಿಸಿದ ಟೊರಾಂಟೊ, ಅಗ್ರಸ್ಥಾನದಲ್ಲಿದ್ದ ಷಿಕಾಗೊವನ್ನು ಕೆಡವಿ, ಅಂತಿಮ ಸರಣಿಯಲ್ಲಿ ಮಾಂಟ್ರಿಯಲ್ಲನ್ನು ಎದುರಿಸಿತು. ಕೆನಡಾ ಒಕ್ಕೂಟದ ಶತಮಾನೋತ್ಸವದ ವರ್ಷವದು. ಮಾಂಟ್ರಿಯಲ್ಲಿನಲ್ಲಿ ವಿಶ್ವಪ್ರದರ್ಶನ ಆಗತಾನೆ ತೆರೆದಿತ್ತು. ಟೊರಾಂಟೊದ ಗೋಲಿನಲ್ಲಿ ಸರದಿಯಾಗಿ ನಿಲ್ಲುತ್ತಿದ್ದವರು ನಲವತ್ತೆರಡರ ಬೋವರ್, ಮೂವತ್ತೇಳರ ಟೆರಿ ಸಾಚುಕ್.

ಮೇ 2ರಂದು ಟೊರಾಂಟೊದಲ್ಲಿ ನಡೆದ ಆರನೆಯ ಪಂದ್ಯದ ಕೊನೆಯಲ್ಲಿ ಟೊರಾಂಟೊ 2-1ರಿಂದ ಮುಂದಿತ್ತು. ಉಳಿದದ್ದು 55 ಸೆಕೆಂಡು. ಪಕ್ಕನ್ನು ಇಬ್ಬರ ಕೋಲುಗಳ ನಡುವೆ ಬಿಟ್ಟು ಆಟವನ್ನು ಪುನರಾರಂಭಿಸುವ ಸಂದರ್ಭ. ಸ್ಥಳ ಟೊರಾಂಟೊ ಗೋಲಿಗೆ ಹತ್ತಿರ. ಮಾಂಟ್ರಿಯಲ್ಲಿನವರು ತಮ್ಮ ಗೋಲ್‌ರಕ್ಷಕನನ್ನು ಹೊರಕ್ಕೆ ಕರೆದು ಆರನೆಯ ಆಕ್ರಮಣಕಾರನನ್ನು ಕಳುಹಿಸಿದರು. ಪಕ್ಕಿಗಾಗಿ ನಿಂತವನು ಬೆಲಿವೊ. ಆಗ ಇಮ್ಲಾಕನು ತನ್ನ ವೃದ್ಧಪಡೆಯನ್ನು ಅಂಗಣಕ್ಕಿಳಿಸಿದನು: ನಲವತ್ತೊಂದರ ಸ್ಟ್ಯಾನ್ಲಿ, ಮೂವತ್ತೊಂಬತ್ತರ ಕೆಲಿ, ಮೂವತ್ತೇಳರ ಟಿಮ್ ಹಾರ್ಟನ್, ಮೂವತ್ತಾರರ ನಾಯಕ ಜಾರ್ಜ್ ಆರ್ಮ್‌ಸ್ಟ್ರಾಂಗ್, ಇವರೆದುರು ಎಳೆಯನೆನಿಸುವ ಬಾಬ್ ಪುಲ್‌ಫರ್ಡ್. ಬೆಲಿವೊನ ಇದಿರಿಗೆ ನಿಲ್ಲೆಂದು ಆತನು ಅಪ್ಪಣೆಯಿತ್ತದ್ದು ರಕ್ಷಣಾ ಆಟಗಾರನಾದ ಸ್ಟ್ಯಾನ್ಲಿಗೆ. ರಕ್ಷಣೆಯವರು ಆ ಕೆಲಸವನ್ನು ಮಾಡುವ ರೂಢಿ ಆ ವೇಳೆಗೆ ತಪ್ಪಿಹೋಗಿತ್ತು. ಸ್ಟ್ಯಾನ್ಲಿಗೇ ಅದು ಅನಿರೀಕ್ಷಿತ. ಪಕ್ಕು ನೆಲಮುಟ್ಟಿತು, ಸ್ಟ್ಯಾನ್ಲಿಯ ಹಳೆಯ ಉಪಾಯ ಫಲಿಸಿತು, ಪಕ್ಕು ಕೆಲಿಗೆ, ಕೆಲಿಯಿಂದ ಪುಲ್‌ಫರ್ಡಿಗೆ, ಪುಲ್‌ಫರ್ಡಿನಿಂದ ಆರ್ಮ್‌ಸ್ಟ್ರಾಂಗಿಗೆ ಸಾಗಿ, ಬರಿದಾದ ಗೋಲಿನೊಳಕ್ಕೆ ಹೋಯಿತು. ಕ್ವಿಬೆಕ್ಕಿನಲ್ಲಿ ಇಮ್ಲಾಕನ ಬೆಂಚಿನ ಮೇಲೆ ಕುಳಿತಿದ್ದ ಬೆಲಿವೊ, ಇತರ ತಂಡಗಳು ಬೇಡವೆಂದ ಸ್ಟ್ಯಾನ್ಲಿ, ನಿವೃತ್ತಿಯಿಂದ ಹಿಂದಕ್ಕೆ ಕರೆಯಲ್ಪಟ್ಟ ಕೆಲಿ ಮೂವರೂ ಆ ಒಂದು ಕ್ಷಣದಲ್ಲಿ ಸೇರಿದರು.

ಆದರೆ ಆ ವೇಳೆಗಾಗಲೇ ಆತನ ಲೋಕ ಮರೆಯಾಗುತ್ತಿತ್ತು. 1966ರ ಕೊನೆಯಲ್ಲಿ, ಆತನು ಒಮ್ಮೆ ದುಡಿದಿದ್ದ ಸ್ಪ್ರಿಂಗ್‌ಫೀಲ್ಡಿನಲ್ಲಿಯೇ, ಶೋರನ ದಬ್ಬಾಳಿಕೆಯನ್ನು ತಾಳಲಾರದೆ ಆಟಗಾರರು ಮುಷ್ಕರ ಹೂಡಿದರು. ಅವರ ಪರವಾಗಿ ನಿಂತ ಟೊರಾಂಟೊದ ವಕೀಲ ಅಲನ್ ಈಗಲ್‌ಸನ್ ಜಯ ಪಡೆದನು. 1963ರ ಚುನಾವಣೆಯಲ್ಲಿ ರೆಡ್ ಕೆಲಿಯೆದುರು ಸೋತಿದ್ದವನೂ ಇವನೇ. 1967ರಲ್ಲಿ ನ್ಯಾಷನಲ್ ಹಾಕಿ ಲೀಗಿನ ಆಟಗಾರರ ಸಂಘವು ಅವನ ನಾಯಕತ್ವದಲ್ಲಿ ಸ್ಥಾಪಿತವಾಯಿತು. ಅದೇ ವರ್ಷ ತಂಡಗಳು ಆರರಿಂದ ಹನ್ನೆರಡಾದುವು. ಸ್ಥಾನಗಳು ಇಮ್ಮಡಿಯಾದಾಗ ಆಟಗಾರನ ಬೆಲೆಯೂ ಧೈರ್ಯವೂ ಏರಿದುವು. ಬೇಡವೆಂದರೆ ಕಿರಿಯ ಲೀಗಿಗೆ ಕಳುಹಿಸುತ್ತೇನೆಂಬ ಬೆದರಿಕೆಗೆ ಹಿಂದಿನ ಶಕ್ತಿ ಉಳಿಯಲಿಲ್ಲ. ಇಮ್ಲಾಕನು ಸಂಘವನ್ನು ಮನಸಾರೆ ವಿರೋಧಿಸಿದನು. 1968ರಲ್ಲಿ ಮಹೋವ್ಲಿಚ್ ಡೆಟ್ರಾಯಿಟಿಗೆ ಹೋದನು. 1969ರ ಏಪ್ರಿಲಿನಲ್ಲಿ ಬಾಸ್ಟನ್ನಿನೆದುರು ನಾಲ್ಕಕ್ಕೆ ನಾಲ್ಕೂ ಪಂದ್ಯಗಳನ್ನು ಸೋತ ಕೆಲವೇ ನಿಮಿಷಗಳಲ್ಲಿ ಟೊರಾಂಟೊ ಆತನನ್ನು ಕೆಲಸದಿಂದ ತೆಗೆಯಿತು.

1970ರಲ್ಲಿ ಹೊಸದಾಗಿ ಹುಟ್ಟಿದ ಬಫಲೊ ತಂಡವು ಆತನನ್ನು ಕರೆದು, ಎರಡು ಪದವಿಗಳನ್ನೂ ಒಪ್ಪಿಸಿತು. ಆ ವರ್ಷದ ಅತ್ಯುತ್ತಮ ತರುಣನಾದ ಜಿಲ್ಬೆರ್ ಪೆರೋನನ್ನು ಲೀಗಿನ ವಾರ್ಷಿಕ ಆಯ್ಕೆಯಲ್ಲಿ ಮೊದಲು ಆರಿಸುವ ಹಕ್ಕು ಬಫಲೊಗೋ, ಅದರಂತೆಯೇ ಹೊಸ ತಂಡವಾದ ವ್ಯಾಂಕೂವರಿಗೋ ಎಂಬುದನ್ನು ಸಂಖ್ಯೆಗಳ ಚಕ್ರ ತಿರುಗಿಸಿ ನಿರ್ಣಯಿಸಿದರು. ಮುಳ್ಳು ವ್ಯಾಂಕೂವರಿಗೆ ಸೇರಿದ ಒಂದರ ಮೇಲೆ ನಿಂತಿತೆಂದು ಲೀಗಿನ ಅಧ್ಯಕ್ಷನು ಭ್ರಮಿಸಿದಾಗ, ಅದು ಒಂದಲ್ಲ, ಬಫಲೊಗೆ ಸೇರಿದ ಹನ್ನೊಂದು ಎಂದು ಇಮ್ಲಾಕನು ತೋರಿಸಿಕೊಟ್ಟನು. ಬಫಲೊಗೆ ಬಂದ ಪೆರೋ ತನ್ನ ಅಂಗಿಯ ಮೇಲೆ ಹನ್ನೊಂದನ್ನೇ ಧರಿಸಿದನು. ಆತನ ಸುತ್ತ ಕಟ್ಟಿದ ತಂಡವು ಐದನೆಯ ಋತುವಿನಲ್ಲಿಯೇ, 1975ರಲ್ಲಿ, ಸ್ಟ್ಯಾನ್ಲಿ ಕಪ್ಪಿನ ಅಂತಿಮ ಸರಣಿಯನ್ನು ಮುಟ್ಟಿತು. ತರುಣರನ್ನು ಹೇಗೆ ಬೆಳೆಸಬೇಕೆಂದು ಇಮ್ಲಾಕನಿಗೆ ತಿಳಿಯದೆಂದವರಿಗೆ ಇದು ಉತ್ತರ. 1972ರಲ್ಲಿ ಹೃದಯಾಘಾತವಾದ ಮೇಲೆ ಆತನು ಬೆಂಚನ್ನು ಬಿಟ್ಟು ಮ್ಯಾನೇಜರಿಕೆಯನ್ನು ಮಾತ್ರ ಉಳಿಸಿಕೊಂಡಿದ್ದನು. 1974ರಲ್ಲಿ ಆಟಗಾರರ ಆಯ್ಕೆಯು ದೂರವಾಣಿಯಲ್ಲಿ ದೀರ್ಘಕಾಲ ಎಳೆದಾಗ, ಬೇಸತ್ತ ಆತನು ಟಾರೊ ತ್ಸುಜಿಮೊಟೊ ಎಂಬ ಇಲ್ಲದ ಜಪಾನೀ ಆಟಗಾರನನ್ನು ಆರಿಸಿದ್ದೇನೆಂದು ಹೇಳಿ, ಲೀಗು ಅದನ್ನು ದಾಖಲೆಯಲ್ಲಿ ಬರೆದುಕೊಂಡ ಕಥೆ ಇಂದಿಗೂ ಪ್ರಸಿದ್ಧ. ಅದೇ ವರ್ಷ ಆತನಿಗೆ ತೀರದ ದುಃಖವೂ ಒದಗಿತು. ಟೊರಾಂಟೊದ ಹಳೆಯ ನಂಬುಗೆಯ ಹಾರ್ಟನ್ ಆಗ ಬಫಲೊ ಪರವಾಗಿ ಆಡುತ್ತಿದ್ದನು. ಮತ್ತೊಂದು ಋತು ಆಡಲೆಂದು ಇಮ್ಲಾಕನೇ ಕೊಡಿಸಿದ್ದ ವೇಗದ ಕಾರಿನಲ್ಲಿ, ಫೆಬ್ರವರಿ 21ರ ಬೆಳಗಿನ ಜಾವ, ಟೊರಾಂಟೊದಿಂದ ಮರಳುತ್ತಿದ್ದಾಗ ಅಪಘಾತಕ್ಕೀಡಾಗಿ ಹಾರ್ಟನ್ ಮೃತನಾದನು.

1978ರಲ್ಲಿ ಬಫಲೊ ಆತನನ್ನು ಕೆಲಸದಿಂದ ತೆಗೆಯಿತು. ಮರುವರ್ಷ ಟೊರಾಂಟೊದ ಒಡೆಯ ಹೆರಾಲ್ಡ್ ಬ್ಯಾಲರ್ಡ್ ಕರೆದಾಗ ಆತನು ಹೋಗಬಾರದಿತ್ತು. ಅಲ್ಲಿದ್ದವರು ಸಂಘದ ಬಲವನ್ನು ಅರಿತ ಹೊಸ ತಲೆಮಾರಿನವರು; ನಾಯಕ ಡ್ಯಾರಿಲ್ ಸಿಟ್ಲರನ ಒಪ್ಪಿಗೆಯಿಲ್ಲದೆ ಅವನನ್ನು ಬೇರೆ ತಂಡಕ್ಕೆ ಕೊಡುವಂತಿಲ್ಲವೆಂದು ಕರಾರಿನಲ್ಲಿಯೇ ಇತ್ತು. ಇಮ್ಲಾಕನು ಸಿಟ್ಲರನ ಪ್ರಾಣಮಿತ್ರ ಲ್ಯಾನಿ ಮೆಕ್‌ಡೊನಾಲ್ಡನನ್ನು 1979ರ ಡಿಸೆಂಬರಿನಲ್ಲಿ ಕೊಲರಾಡೊಗೆ ಕಳುಹಿಸಿದನು. ಸಿಟ್ಲರನು ತನ್ನ ಅಂಗಿಯ ಮೇಲಿನ ನಾಯಕತ್ವದ ಗುರುತನ್ನು ಕಿತ್ತುಹಾಕಿದನು. ಅಭಿಮಾನಿಗಳು ಕ್ರೀಡಾಮಂದಿರದೆದುರು ಪ್ರತಿಭಟಿಸಿದರು. ತಂಡ ಮುರಿಯಿತು. 1980ರಲ್ಲಿಯೂ 1981ರಲ್ಲಿಯೂ ಮತ್ತೆ ಹೃದಯಾಘಾತಗಳಾದುವು. ಎರಡನೆಯದರ ತರುವಾಯ ಬ್ಯಾಲರ್ಡ್ ಆತನನ್ನು ಕೆಲಸಕ್ಕೆ ಮರಳಿ ಕರೆಯಲಿಲ್ಲ.

1984ರಲ್ಲಿ ಹಾಕಿಯ ಕೀರ್ತಿಮಂದಿರವು ಆತನನ್ನು ನಿರ್ಮಾಪಕರ ವರ್ಗದಲ್ಲಿ ಸೇರಿಸಿಕೊಂಡಿತು. 1987ರ ಡಿಸೆಂಬರ್ 1ರಂದು ಟೊರಾಂಟೊದಲ್ಲಿ ಆತನು ತೀರಿಕೊಂಡನು. ಮೇಪಲ್ ಲೀಫ್ಸ್ ತಂಡದ ತರಬೇತುದಾರರಲ್ಲಿ ಅತ್ಯಧಿಕ ಪಂದ್ಯಗಳನ್ನು ಗೆದ್ದವನೆಂಬ ದಾಖಲೆ ಇಂದಿಗೂ ಆತನದೇ. 1967ರ ಅನಂತರ ಆ ತಂಡವು ಸ್ಟ್ಯಾನ್ಲಿ ಕಪ್ಪನ್ನು ಮತ್ತೆ ಗೆದ್ದಿಲ್ಲ.